ಭಾನುವಾರ ಮಗುಚಿದ ಹೆಂಟೆ

1934ನೆಯ ಇಸವಿ ನವೆಂಬರ್ ಹನ್ನೆರಡನೆಯ ತಾರೀಖು, ಸೋಮವಾರ. ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷಕ್ಕೆ ಅಂಚೆಯವ ಆಸ್ಟಿನ್ ಗಿಲ್ಡೆ ಕಿಲ್‌ಬ್ರಾಕನ್ ಪೊಲೀಸ್ ಠಾಣೆಯ ಗೋಡೆಗೆ ಸೈಕಲ್ ಒರಗಿಸಿ ಒಳಗೆ ಬಂದ. ಹಿಂದಿನ ಸಂಜೆ ಹಿಡಿದ ಮಳೆ ಇನ್ನೂ ಬಿಟ್ಟಿರಲಿಲ್ಲ. ಅವನ ಟೋಪಿಯ ಅಂಚಿನಿಂದ ನೀರು ತೊಟ್ಟಿಕ್ಕುತ್ತಿತ್ತು.

ಸಾರ್ಜೆಂಟ್ ಹಾನಫಿನ್ ಮೇಜಿನ ಹಿಂದೆ ಕುಳಿತು ಠಾಣಾ ದಿನಚರಿ ಬರೆಯುತ್ತಿದ್ದ. ಕೆರ್ರಿ ಜಿಲ್ಲೆಯ ಕಡೆಯವನು, ನಲವತ್ತೊಂದು ವರ್ಷ, ಈ ಊರಿಗೆ ಬಂದು ಆರು ವರ್ಷವಾಗಿತ್ತು.

“ಕೂತ್ಕೊಳ್ಳಿ ಆಸ್ಟಿನ್.”

“ಕೂರೋ ಹೊತ್ತಲ್ಲ ಸಾರ್ಜೆಂಟ್ರೇ. ಕೊರಮೋರ್‌ನ ಲೂಕ್ ಫೀರಿಕ್ ಸತ್ತಿದ್ದಾನೆ. ಮನೆ ಹಿಂದೆ, ಕಲ್ಲುಗೋಡೆ ಬುಡದಲ್ಲಿ ಬಿದ್ದಿದ್ದಾನೆ. ತಲೆ ಒಡೆದಿದೆ.”

“ಮುಟ್ಟಿದ್ರಾ?”

“ಕೈ ಮುಟ್ಟಿ ನೋಡ್ದೆ. ಕಲ್ಲಿಗಿಂತ ತಣ್ಣಗಿತ್ತು.”

“ನೀವು ಅಲ್ಲಿಗೆ ಯಾಕೆ ಹೋಗಿದ್ರಿ?”

“ಕಾಗದ ಇತ್ತು. ಸರ್ಕಾರದ ಕೆಲಸ, ಕಾಗದ ಬಂದ್ರೆ ಹೋಗಲೇಬೇಕು. ಇಲ್ದಿದ್ರೆ ಆ ಓಣಿಗೆ ಕಾಲಿಡೋರು ಯಾರಿದ್ದಾರೆ?” ಚರ್ಮದ ಚೀಲದಿಂದ ಉದ್ದನೆಯ ಲಕೋಟೆ ತೆಗೆದು ಮೇಜಿನ ಮೇಲಿಟ್ಟ. ಮೇಲೆ ಪೇಟೆಯ ವಕೀಲರ ಮುದ್ರೆಯಿತ್ತು. “ಇದನ್ನೀಗ ಯಾರಿಗೆ ಕೊಡ್ಲಿ?”

ಹತ್ತೂವರೆಗೆ ಎಫ್‌ಐಆರ್ ಬರೆದು ಮುಗಿಯಿತು. ಆಸ್ಟಿನ್ ಸಹಿ ಹಾಕಿದ. ಪೇಟೆಯ ಡಾಕ್ಟರಿಗೂ ಮೇಲಧಿಕಾರಿಗೂ ಫೋನ್ ಹೋಯಿತು. ಹಾನಫಿನ್ ತನ್ನ ಕಾನ್‌ಸ್ಟೇಬಲ್ ಲವೆಲ್‌ನನ್ನು ಕರೆದುಕೊಂಡು ನಾಲ್ಕು ಮೈಲಿ ಸೈಕಲ್ ತುಳಿದ.

ಲೂಕ್ ಫೀರಿಕ್ ಯಾರೆಂದು ಠಾಣೆಯಲ್ಲಿ ಯಾರೂ ಯಾರಿಗೂ ಹೇಳಬೇಕಾಗಿರಲಿಲ್ಲ. ನಲವತ್ತಾರು ವರ್ಷದ ಹಿಂದೆ, 1888ರ ಚಳಿಗಾಲದಲ್ಲಿ, ಜಮೀನ್ದಾರನ ಆಳುಗಳು ಕೊರಮೋರ್‌ನ ಟಾನ್ಸಿ ಕುಟುಂಬವನ್ನು ಮನೆಯಿಂದ ಹೊರಗೆ ಹಾಕಿದ್ದರು. ಪಾತ್ರೆ ಪಡಗ ಅಂಗಳಕ್ಕೆ ಬಿತ್ತು, ಒಲೆಯ ಬೆಂಕಿಗೆ ನೀರು ಬಿತ್ತು. ಮೂರು ವಾರ ಕಳೆದ ಮೇಲೆ ಆ ಹೊಲ, ಆ ಮನೆ, ಆ ಒಲೆಯನ್ನು ಗೇಣಿಗೆ ಹಿಡಿದವನು ಆಂಥನಿ ಫೀರಿಕ್, ಲೂಕನ ತಂದೆ. ಅಂದಿನಿಂದ ಕೊರಮೋರ್‌ನಲ್ಲಿ ಫೀರಿಕ್ ಮನೆಯವರ ಜೊತೆ ಯಾರೂ ಮಾತಾಡಲಿಲ್ಲ. ಅವರಿಗೆ ಕೊಡಲಿಲ್ಲ, ಅವರಿಂದ ಕೊಳ್ಳಲಿಲ್ಲ. ಅವರ ಮದುವೆಗೂ ಸಾವಿಗೂ ಹೋಗಲಿಲ್ಲ. ಜಮೀನ್ದಾರ ಹೋದ. ಇಂಗ್ಲಿಷ್ ದೊರೆಯ ಬಾವುಟ ಹೋಯಿತು. ಪೊಲೀಸರ ಅಂಗಿಯ ಬಣ್ಣ ಬದಲಾಯಿತು. ಆ ಮೌನ ಮಾತ್ರ ಹಾಗೇ ಉಳಿದು, ತಂದೆಯ ಮೇಲಿದ್ದದ್ದು ಮಗನ ಮೇಲೆ ಬಂತು. ಹೊಲ, ಹಸುವಿನ ಜೊತೆ ಅದನ್ನೂ ಲೂಕ್ ಪಿತ್ರಾರ್ಜಿತವಾಗಿ ಅನುಭವಿಸಿದ.

ಓಣಿಯ ತಿರುವಿನಲ್ಲೇ ಹಸುವಿನ ಕೂಗು ಕೇಳಿಸಿತು. ಕೊಟ್ಟಿಗೆಯಲ್ಲಿ ಕಟ್ಟಿದ ಕೆಂಪು ಹಸು, ಕೆಚ್ಚಲು ಕಲ್ಲಾಗಿತ್ತು, ಮೊಲೆಯಿಂದ ಹಾಲು ತಾನಾಗಿ ಸೋರುತ್ತಿತ್ತು.

“ಎಷ್ಟು ಹೊತ್ತಿಂದ ಕರೆದಿಲ್ಲ ಇದನ್ನ?” ಎಂದು ಲವೆಲ್ ಮೂಗು ಮುಚ್ಚಿಕೊಂಡ.

“ಮೂರು ಹೊತ್ತಾದ್ರೂ ಆಗಿದೆ.” ಹಾನಫಿನ್ ಕೋಟು ಬಿಚ್ಚಿ ಗೂಟಕ್ಕೆ ಹಾಕಿ, ಬಕೆಟ್ ಹುಡುಕಿ ತಂದು ಹಸುವಿನ ಪಕ್ಕ ಕುಕ್ಕರಗಾಲಲ್ಲಿ ಕುಳಿತ. ಶವ ಕಾಯಬಲ್ಲದು, ಹಸು ಕಾಯಲಾರದು. ಅವನ ತಾಯಿ ಒಲೆಯ ಮುಂದೆ ರಾಗವಾಗಿ ಹೇಳುತ್ತಿದ್ದ ಪದಗಳಲ್ಲಿ ಒಂದು ಹೀಗಿತ್ತು: ಕೇಳಿಯೂ ಸುಮ್ಮನಿರಬಾರದ ಸದ್ದು ಮೂರು: ಹಾಲು ಬಿಗಿದ ಹಸುವಿನ ಕೂಗು, ಉರಿಯುವ ಮಾಡಿನ ಚಟಪಟ, ಸಾಯುವವನ ಮನೆಯ ಜಪ.

ಹನ್ನೊಂದು ನಲವತ್ತಕ್ಕೆ ಸ್ಥಳ ಪಂಚನಾಮೆ ಶುರುವಾಯಿತು. ಗೇಟಿನಾಚೆ ಕೊರಮೋರ್‌ನ ಏಳೆಂಟು ಗಂಡಸರು ಮಳೆಯಲ್ಲಿ ನಿಂತಿದ್ದರು. ಯಾರೂ ಸತ್ತವನಿಗಾಗಿ ಟೋಪಿ ತೆಗೆದಿರಲಿಲ್ಲ.

“ಇಬ್ಬರು ಒಳಗೆ ಬನ್ನಿ. ಸಾಕ್ಷಿ ಬೇಕು.”

“ಇಲ್ಲಿಂದ್ಲೇ ಕಾಣುತ್ತೆ ಸಾರ್ಜೆಂಟ್ರೇ.”

“ಸತ್ತವನ ಮೇಲೆ ಎಂಥಾ ಹಗೆ?”

“ಹಗೆ ಏನಿಲ್ಲ. ಅಭ್ಯಾಸ ಇಲ್ಲ.”

“ಹಸು ಕೂಗಿದ್ದು ಕೇಳಿಸ್ಲಿಲ್ವಾ?”

“ಕೇಳಿಸ್ತು. ಶನಿವಾರ ರಾತ್ರಿಯಿಂದ ಕೂಗ್ತಾ ಇತ್ತು.”

“ಒಬ್ಬರೂ ಹೋಗಿ ನೋಡ್ಲಿಲ್ಲ?”

“ನಮ್ಮ ಹಸು ಅಲ್ವಲ್ಲ.”

ಹಿಂದೆ ಯಾರೋ ಸಣ್ಣಗೆ ನಕ್ಕರು. ಕೊನೆಗೆ ಪೊಲೀಸರ ಹಿಂದೆಯೇ ಬಂದಿದ್ದ ಆಸ್ಟಿನ್ ಮತ್ತು ಆಗತಾನೇ ಕಾರಿನಿಂದ ಇಳಿದ ಡಾಕ್ಟರು ಸಾಕ್ಷಿಗಳಾದರು.

ಹೊಸ್ತಿಲ ಮೇಲೆ ರಕ್ತ ಒಣಗಿ ಕಪ್ಪಾಗಿತ್ತು. ಲವೆಲ್ ಬೆಚ್ಚಿಬಿದ್ದದ್ದನ್ನು ನೋಡಿ ಹಾನಫಿನ್ ಮೂಲೆಯಲ್ಲಿ ಬಿದ್ದಿದ್ದ ಹುಂಜದ ರೆಕ್ಕೆಯನ್ನು ತೋರಿಸಿದ. ಶನಿವಾರ ಸಂತ ಮಾರ್ಟಿನನ ಹಬ್ಬದ ಹಿಂದಿನ ದಿನ. ಕೊರಮೋರ್‌ನ ಪ್ರತಿ ಮನೆಯ ಹೊಸ್ತಿಲಿಗೂ ಅಂದು ಹುಂಜದ ರಕ್ತ ಬಿದ್ದಿತ್ತು. ಯಾರೂ ಮಾತಾಡಿಸದ ಲೂಕ್ ಫೀರಿಕ್ ಕೂಡ ಊರಿನ ನೇಮ ಬಿಟ್ಟಿರಲಿಲ್ಲ.

ಅಡುಗೆಮನೆಯ ಮೇಜಿನ ಮೇಲೆ ಒಳ್ಳೆಯ ಬಟ್ಟೆ ಹಾಸಿತ್ತು. ಟೀ ಪಾತ್ರೆ, ಕತ್ತರಿಸಿಟ್ಟ ರೊಟ್ಟಿ, ಬೆಣ್ಣೆ, ಎರಡು ಬಟ್ಟಲು. ಎರಡಕ್ಕೂ ಟೀ ಬಗ್ಗಿಸಿರಲಿಲ್ಲ.

“ಇವನ ಮನೆಗೆ ಎರಡನೇ ಬಟ್ಟಲಿನವರು ಯಾರು ಬರ್ತಾರೆ?” ಎಂದ ಆಸ್ಟಿನ್. “ಆರು ವರ್ಷದಿಂದ ಕಾಗದ ಕೊಡ್ತೀನಿ. ನನ್ನನ್ನೂ ಕೂರು ಅಂದವನಲ್ಲ. ಕೂರು ಅಂದ್ರೆ ನಾನು ಕೂರ್ತೀನೋ ಇಲ್ವೋ ಅನ್ನೋ ಭಯ ಅವನಿಗೆ.”

ಶವ ಮನೆಯ ಹಿಂದೆ, ಟಾನ್ಸಿಯವರ ತುಂಡು ಹೊಲಕ್ಕೂ ಫೀರಿಕ್ ಹೊಲಕ್ಕೂ ನಡುವಿನ ಗಾರೆಯಿಲ್ಲದ ಕಲ್ಲುಗೋಡೆಯ ಬುಡದಲ್ಲಿ ಮಗುಚಿ ಬಿದ್ದಿತ್ತು. ಎಡಗಪಾಳದ ಮೇಲೆ ಒಂದೇ ಪೆಟ್ಟು. ಶನಿವಾರ ಸಂಜೆ ನಾಲ್ಕರಿಂದ ಏಳರೊಳಗೆ ಸತ್ತಿದ್ದಾನೆ ಎಂದರು ಡಾಕ್ಟರು.

ಹಾನಫಿನ್ ಗೋಡೆಯನ್ನು ಬಹಳ ಹೊತ್ತು ನೋಡಿದ. ಉದ್ದಕ್ಕೂ ಕಲ್ಲುಗಳ ಹೊರಮೈಗೆ ಬೂದು ಪಾಚಿ ಹಿಡಿದಿತ್ತು. ಶವದ ಎದುರಿಗೆ ಮಾತ್ರ ಒಂದಾಳಗಲ ಕಲ್ಲುಗಳು ಬೆತ್ತಲೆಯಾಗಿ ಬೆಳ್ಳಗಿದ್ದವು. ಅಲ್ಲಿ ಯಾರೋ ಕಲ್ಲು ಬಿಚ್ಚಿ ಗೋಡೆಯಲ್ಲಿ ಕಂಡಿ ಮಾಡಿದ್ದರು, ಆಮೇಲೆ ಯಾರೋ ಅವಸರದಲ್ಲಿ, ಪಾಚಿಯ ಮಗ್ಗುಲು ಒಳಗಾಗಿ ಮತ್ತೆ ಕಟ್ಟಿದ್ದರು.

“ಲವೆಲ್, ಸಂದಿಗೆ ತುರುಕಿದ ಈ ಸಣ್ಣ ಕಲ್ಲುಗಳನ್ನ ಯಾವ ಕಡೆಯಿಂದ ಒತ್ತಿದ್ದಾರೆ ನೋಡು.”

ಲವೆಲ್ ಗೋಡೆ ಹತ್ತಿ ಆಚೆ ಇಳಿದ. “ಈ ಕಡೆಯಿಂದ ಸಾರ್. ಟಾನ್ಸಿ ಹೊಲದ ಕಡೆಯಿಂದ.”

ಒಂದೊಂದೇ ಕಲ್ಲು ಇಳಿಸಿದರು. ಮೇಲಿನಿಂದ ನಾಲ್ಕನೆಯ ಕಲ್ಲಿನ ಅಡಿಯಲ್ಲಿ ರಕ್ತವೂ ಬಿಳಿಗೂದಲೂ ಅಂಟಿತ್ತು. ಕೊಂದವನು ಕೊಂದ ಕಲ್ಲನ್ನೂ ಅದರ ಜಾಗದಲ್ಲಿ ಕೂರಿಸಿ, ದನ ದಾಟದಂತೆ ಕಂಡಿ ಮುಚ್ಚಿ ಹೋಗಿದ್ದ. ಕಳ್ಳನ ಕೆಲಸವಲ್ಲ ಇದು, ರೈತನ ಕೆಲಸ. ಕಲ್ಲನ್ನು ಚೀಲದಲ್ಲಿ ಹಾಕಿ ಮೊಹರು ಮಾಡಿದರು, ಉಳಿದವನ್ನು ಇದ್ದ ಹಾಗೇ ಮತ್ತೆ ಇಟ್ಟರು.

ಲಕೋಟೆಯನ್ನು ಡಾಕ್ಟರ ಎದುರಿಗೇ ಒಡೆದರು. ಅದು ದಾನಪತ್ರದ ನಕಲು. ನವೆಂಬರ್ ಐದರಂದು ಲೂಕ್ ಫೀರಿಕ್ ತನ್ನ ಮನೆ, ಹೊಲವನ್ನೆಲ್ಲ ಮಲಾಕಿ ಟಾನ್ಸಿಗೂ, ಅವನ ನಂತರ ಅವನ ತಮ್ಮನ ಮಗ ಡೊಮಿನಿಕ್‌ಗೂ ಬರೆದುಕೊಟ್ಟಿದ್ದ.

ಟಾನ್ಸಿಯವರ ಮನೆ ಇನ್ನೂರು ಹೆಜ್ಜೆ ದೂರ. ಹೊರಗೆ ಹಾಕಿಸಿಕೊಂಡ ಮೇಲೆ ಸೋದರಮಾವ ಕೊಟ್ಟ ತುಂಡು ನೆಲದಲ್ಲಿ ಕಟ್ಟಿಕೊಂಡದ್ದು. ಬಾಗಿಲಲ್ಲಿ ನಿಂತರೆ ತಮ್ಮ ಹಳೆಯ ಮನೆಯ ಹೊಗೆಗೂಡು ನೇರ ಕಾಣುತ್ತಿತ್ತು. ಈಗ ಮನೆಯಲ್ಲಿ ಮೂವರು: ಅರವತ್ತನಾಲ್ಕರ ಮಲಾಕಿ, ಅವನು ಸಾಕಿ ಬೆಳೆಸಿದ ಡೊಮಿನಿಕ್, ಡೊಮಿನಿಕ್‌ನ ಹೆಂಡತಿ ಡಿಲಿಯಾ. ಡಿಲಿಯಾಗೆ ಒಂಬತ್ತು ತಿಂಗಳು ತುಂಬಿತ್ತು. ಸೊಂಟಕ್ಕೆ ಕೈಕೊಟ್ಟು ಕುರ್ಚಿ ಎಳೆದುಕೊಟ್ಟಳು.

“ಶನಿವಾರ ಸಂಜೆ ಎಲ್ಲಿದ್ದೆ ಡೊಮಿನಿಕ್?”

“ಮನೇಲಿ. ಇವಳಿಗೆ ನೋವು ಬಂದ ಹಾಗಾಗಿತ್ತು, ಬಿಟ್ಟು ಹೋಗ್ಲಿಲ್ಲ.”

“ಅಕ್ಟೋಬರ್ ಸಂತೇಲಿ ಫೀರಿಕ್‌ಗೆ ಏನಂದೆ?”

ಅವನ ಕಿವಿ ಕೆಂಪಾಯಿತು. “ಅವನ ಹೋರಿ ನನ್ನ ಕರುಗಳನ್ನ ಚದುರಿಸ್ತು. ಒಂದಿನ ನಿನ್ನನ್ನ ಜೌಗಿನ ಗುಂಡಿಗೆ ಹಾಕ್ತೀನಿ ಅಂದೆ. ಎಲ್ಲರೂ ಚಪ್ಪಾಳೆ ಹೊಡೆದ್ರು.”

“ಈ ತೋಳಿನ ಮೇಲಿನ ರಕ್ತ?”

“ಹುಂಜದ್ದು. ದೊಡ್ಡಪ್ಪ ಕುಯ್ದ್ರು, ನಾನು ಹಿಡ್ಕೊಂಡಿದ್ದೆ. ಅವರ ತೋಳಲ್ಲೂ ಇದೆ, ನೋಡಿ.”

ಒಲೆಯ ಪಕ್ಕ ಕುಳಿತಿದ್ದ ಮಲಾಕಿ ತೋಳನ್ನು ಮುಂದೆ ಚಾಚಿದ. ಇನ್ನೊಂದು ಕೈಯಲ್ಲಿ ಹೊಗೆಸೊಪ್ಪಿನ ಅಚ್ಚು ಹಿಡಿದಿದ್ದ. ದೊಡ್ಡ ದೇಹ, ಕಡಿಮೆ ಮಾತು.

“ನೀವೇನಾದ್ರೂ ಕಂಡಿರಾ?”

“ಆ ಕಡೆ ನೋಡೋದು ಬಿಟ್ಟು ಬಹಳ ಕಾಲ ಆಯ್ತು.”

ಆ ದಿನ ಲವೆಲ್ ಹದಿನಾಲ್ಕು ಮನೆ ತಿರುಗಿದ. ಹದಿನಾಲ್ಕು ಮನೆಯಲ್ಲೂ ಒಂದಲ್ಲ ಒಂದು ಕೋಟಿನ ತೋಳಿಗೆ ರಕ್ತವಿತ್ತು. ಮನುಷ್ಯರದೋ ಹುಂಜದ್ದೋ ತಿಳಿಯಲು ಡಬ್ಲಿನ್‌ಗೆ ಕಳಿಸಬೇಕು, ಹದಿನೈದು ದಿನ ಬೇಕು. ಒಂದು ಮನೆಯ ಮುದುಕಿ ಹೇಳಿದಳು: “ಯಾರು ಮಾಡಿದ್ದು ಅಂತ ಗೊತ್ತಾದ್ರೆ ಹೇಳಪ್ಪ, ಅವನಿಗೊಂದು ಜೊತೆ ಕಾಲುಚೀಲ ಹೆಣೆದು ಕೊಡ್ತೀನಿ.”

ಮಂಗಳವಾರ ಬೆಳಿಗ್ಗೆ ಒಂಬತ್ತಕ್ಕೆ ಸೂಪರಿಂಟೆಂಡೆಂಟರ ಫೋನ್ ಬಂತು.

“ಕಂಡಿ ಟಾನ್ಸಿ ಹೊಲಕ್ಕೆ ತೆರೆಯುತ್ತೆ. ಬೆದರಿಕೆ ಹಾಕಿದ್ದು ಡೊಮಿನಿಕ್. ಆಸ್ತಿ ಸೇರೋದೂ ಅವನಿಗೆ. ಇನ್ನೇನ್ರೀ ಬೇಕು?”

“ಪತ್ರದ ವಿಷಯ ಅವನಿಗೆ ಗೊತ್ತಿತ್ತು ಅನ್ನೋದಕ್ಕೆ ಆಧಾರ ಇಲ್ಲ ಸಾರ್. ಎರಡು ಬಟ್ಟಲಿನ ಲೆಕ್ಕವೂ ಕೂಡ್ತಿಲ್ಲ. ಆ ಹುಡುಗನಿಗೆ ಯಾರಾದ್ರೂ ಟೀ ಇಡ್ತಾರಾ?”

“ಬಟ್ಟಲು ನ್ಯಾಯಾಧೀಶರಿಗೆ ಬಿಡಿ. ನಾಳೆ ಮಧ್ಯಾಹ್ನ ಹನ್ನೆರಡರೊಳಗೆ ಅವನು ಬಂಧನದಲ್ಲಿರಬೇಕು.”

ಹಾನಫಿನ್ ಫೋನ್ ಇಟ್ಟ. ಕೊಲೆಗೆ ಶಿಕ್ಷೆ ನೇಣು. ಡಿಲಿಯಾ ಸೊಂಟಕ್ಕೆ ಕೈಕೊಟ್ಟು ನಿಂತದ್ದು ಕಣ್ಣೆದುರು ಬಂತು. ಡೊಮಿನಿಕ್ ಮಾಡಿಲ್ಲವೆಂದು ಅವನ ಮನಸ್ಸು ಹೇಳುತ್ತಿತ್ತು, ಆದರೆ ಮನಸ್ಸಿನ ಮಾತಿಗೆ ದಿನಚರಿಯಲ್ಲಿ ಕಾಲಂ ಇಲ್ಲ.

ಹನ್ನೆರಡಕ್ಕೆ ಫಾದರ್ ಕ್ವಿಲ್ಟಿಯವರ ಬಳಿ ಹೋದ. ಮರಣೋತ್ತರ ಪರೀಕ್ಷೆ ಮುಗಿದಿತ್ತು, ಬುಧವಾರ ಮಣ್ಣು ಮಾಡಬೇಕಿತ್ತು.

“ಗೋರಿ ಅಗೆಯೋಕೆ ಯಾರೂ ಬರಲ್ಲ ಕಣಪ್ಪ,” ಎಂದರು ಫಾದರ್. “ಸತ್ತವರ ಗೋರಿ ಅಗೆಯೋದು ನೆರೆಯವರ ಧರ್ಮ. ಫೀರಿಕ್‌ಗೆ ನೆರೆಯವರು ಯಾರು? ಅವನ ತಂದೆಗೂ ಹೀಗೇ ಆಯ್ತಂತೆ. ಆಗಿನ ಕಾಲದ ಪೊಲೀಸರೇ ಅಗೆದ್ರು.”

ಲೂಕನನ್ನು ತಂದೆಯ ಗೋರಿಯಲ್ಲೇ ಇಡಬೇಕಿತ್ತು, ಹಳೆಯ ಸಮಾಧಿ ದಫ್ತರ ತೆಗೆದರು. ಆಂಥನಿ ಫೀರಿಕ್, 1901 ಫೆಬ್ರವರಿ ನಾಲ್ಕು, ಸೋಮವಾರ. ಉತ್ತರ ಗೋಡೆಯ ಪಕ್ಕ, ಮುಳ್ಳುಮರದಿಂದ ಮೂರು ಹೆಜ್ಜೆ. ಗುರುತಿನ ಕಲ್ಲಿಲ್ಲ.

“ಸೋಮವಾರ,” ಎಂದ ಹಾನಫಿನ್.

“ಹೌದು, ಊರಿನವರು ಇನ್ನೂ ಮರೆತಿಲ್ಲ. ಸೋಮವಾರ ಗೋರಿ ತೆರೆದ್ರೆ ಅದರ ಪಕ್ಕದಲ್ಲೇ ಇನ್ನೊಂದು ತೆರೆಯುತ್ತೆ ಅಂತಾರಲ್ಲ. ನಾನು ಎಷ್ಟು ಸಲ ಪೀಠದಿಂದ ಬೈದಿದ್ದೀನಿ, ಕೇಳೋರು ಯಾರು? ಆದ್ರೆ ಆ ವರ್ಷ ಕೊರಮೋರ್‌ನಲ್ಲಿ ಮೂವರು ಹೋದ್ರು, ಅದೂ ನಿಜ.” ಫಾದರ್ ಬೆರಳು ಕೆಳಗಿನ ಸಾಲಿಗೆ ಜಾರಿತು. “ಮೊದಲು ಇವಳು. ಏಪ್ರಿಲ್ ಇಪ್ಪತ್ತೊಂಬತ್ತು. ಸಬೀನಾ ಟಾನ್ಸಿ, ಮಲಾಕಿಯ ಹೆಂಡತಿ. ಹೆರಿಗೆಯಲ್ಲಿ. ಮಗುವನ್ನೂ ಜೊತೆಗೇ ಇಟ್ಟರು.”

ಎರಡು ಗಂಟೆಗೆ ಹಾನಫಿನ್, ಲವೆಲ್ ಎರಡು ಸಲಿಕೆ ಹಿಡಿದು ಚರ್ಚಿನ ಹಿಂದಿನ ಸ್ಮಶಾನಕ್ಕೆ ಹೋದರು. ಮಳೆ ಆಗತಾನೇ ನಿಂತಿತ್ತು. ಮುಳ್ಳುಮರದಿಂದ ಮೂರು ಹೆಜ್ಜೆ ಅಳೆದ ಲವೆಲ್ ಹಾಗೇ ನಿಂತುಬಿಟ್ಟ.

“ಸಾರ್. ಯಾರೋ ಆಗಲೇ ಶುರು ಮಾಡಿದ್ದಾರೆ.”

ಗೋರಿಯ ತಲೆಯ ಕಡೆ ಒಂದೇ ಒಂದು ಹುಲ್ಲುಹೆಂಟೆಯನ್ನು ಚೌಕವಾಗಿ ಕತ್ತರಿಸಿ ತೆಗೆದು, ಹುಲ್ಲಿನ ಮಗ್ಗುಲು ಕೆಳಗಾಗಿ ಪಕ್ಕದಲ್ಲಿ ಮಗುಚಿ ಇಟ್ಟಿತ್ತು. ಇಬ್ಬರಿಗೂ ಅರ್ಥ ಹೇಳಬೇಕಾಗಿರಲಿಲ್ಲ. ಸೋಮವಾರ ಅಗೆಯಲೇಬೇಕಾಗಿ ಬಂದರೆ ಹಿಂದಿನ ದಿನವೇ ಹೋಗಿ ಒಂದು ಹೆಂಟೆ ಮಗುಚಿ ಬರಬೇಕು. ಆಗ ಗೋರಿ ಭಾನುವಾರವೇ ತೆರೆದ ಹಾಗೆ, ಸೋಮವಾರದ ದೋಷ ತಟ್ಟುವುದಿಲ್ಲ. ಕೆರ್ರಿಯಲ್ಲೂ ಅದೇ ನೇಮ.

ಹಾನಫಿನ್ ಮೊಣಕಾಲೂರಿ ಹೆಂಟೆಯನ್ನು ಎತ್ತಿದ. ಸ್ಮಶಾನದ ಹುಲ್ಲೆಲ್ಲ ನೆನೆದು ನೀರಾಡುತ್ತಿತ್ತು. ಹೆಂಟೆಯ ಅಡಿಯ ಹುಲ್ಲು ಒಣಗಿತ್ತು.

“ಮಳೆ ಶುರುವಾಗಿದ್ದು ಯಾವಾಗ?”

“ಭಾನುವಾರ ಸಂಜೆ ಐದೂವರೆ. ನಾನೇ ದಿನಚರೀಲಿ ಬರೆದಿದ್ದೆ.”

“ಆಸ್ಟಿನ್ ಶವ ಕಂಡಿದ್ದು?”

“ಸೋಮವಾರ ಬೆಳಿಗ್ಗೆ.” ಲವೆಲ್ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡ. “ಹಾಗಾದ್ರೆ ಫೀರಿಕ್ ಸತ್ತಿದ್ದಾನೆ ಅಂತ ಭಾನುವಾರವೇ ಗೊತ್ತಿದ್ದವನು...”

“ಒಬ್ಬನೇ, ಕೊಂದವನು.”

ಹೆಂಟೆಯ ಅಂಚು ಸಲಿಕೆಯಿಂದ ಕತ್ತರಿಸಿದ್ದಾಗಿರಲಿಲ್ಲ. ಗರಗಸದಂತೆ ಎಳೆದೆಳೆದು ಕುಯ್ದ ಗುರುತು. ಸಣ್ಣ ಚಾಕು. ಭಾನುವಾರದ ಪೂಜೆಗೆ ಸಲಿಕೆ ಹೊತ್ತು ಬಂದರೆ ಊರೇ ನೋಡುತ್ತದೆ. ಪೂಜೆ ಮುಗಿದ ಮೇಲೆ, ನವೆಂಬರ್ ಸತ್ತವರ ತಿಂಗಳಾದ್ದರಿಂದ, ಎಲ್ಲರೂ ತಮ್ಮ ತಮ್ಮವರ ಗೋರಿಯ ಮುಂದೆ ಮಂಡಿಯೂರುತ್ತಾರೆ. ಎಲ್ಲರೂ ಹೋದ ಮೇಲೆ ಒಬ್ಬ ಇನ್ನೂ ಮಂಡಿಯೂರಿದ್ದರೆ ಭಕ್ತಿಯೆಂದುಕೊಳ್ಳುತ್ತಾರೆ.

ಹಾನಫಿನ್ ಹೆಂಟೆಯನ್ನು ಅಳೆದು, ಬರೆದು, ಮತ್ತೆ ಅದರ ಕುಳಿಯಲ್ಲೇ ಹುಲ್ಲು ಮೇಲಾಗಿ ಕೂರಿಸಿದ. “ಡೊಮಿನಿಕ್‌ನ ಕರ್ಕೊಂಡು ಬಾ. ಗೋರಿ ಅಳತೆಗೆ ಸಹಾಯ ಬೇಕು ಅನ್ನು, ಅಷ್ಟೇ.”

ಮೂರೂವರೆಗೆ ಡೊಮಿನಿಕ್ ಬಂದ. ಗೇಟಿನಲ್ಲೇ ನಿಂತ.

“ನಾನು ಅಗೆಯಲ್ಲ ಸಾರ್ಜೆಂಟ್ರೇ. ಬೇಕಾದ್ರೆ ಹಿಡ್ಕೊಂಡು ಹೋಗಿ.”

“ಅಗೀಬೇಡ. ಆಂಥನಿ ಫೀರಿಕ್‌ನ ಎಲ್ಲಿ ಇಟ್ಟಿದ್ದಾರೆ ಅಷ್ಟು ತೋರಿಸು.”

ಡೊಮಿನಿಕ್ ಪೂರ್ವದ ಮೂಲೆಯ ತುರಿಕೆಗಿಡಗಳ ಕಡೆ ಕೈ ಮಾಡಿದ. “ಅಲ್ಲೆಲ್ಲೋ ಇರಬೇಕು. ನಾನು ಹುಟ್ಟೋಕೆ ಮುಂಚಿನ ಮಾತು, ನನಗೆಲ್ಲಿ ಗೊತ್ತು? ನೆಲಗಳ್ಳನ ಗೋರಿಯನ್ನ ಮಕ್ಕಳಿಗೆ ಯಾರು ತೋರಿಸ್ತಾರೆ?”

“ಯಾರಿಗೆ ಗೊತ್ತಿರುತ್ತೆ?”

“ದೊಡ್ಡಪ್ಪನಿಗೆ ಗೊತ್ತಿರಬೇಕು. ಅವರು ಪ್ರತಿ ನವೆಂಬರ್‌ನಲ್ಲೂ ನಮ್ಮನ್ನೆಲ್ಲ ಮನೆಗೆ ಕಳಿಸಿ, ಹಿಂದೆ ಒಬ್ಬರೇ ಉಳೀತಾರೆ.” ಹೇಳಿದ ಮೇಲೆ ಹಾನಫಿನ್‌ನ ಮುಖ ನೋಡಿದ. ಲವೆಲ್‌ನ ಮುಖ ನೋಡಿದ. “ಯಾಕೆ? ಏನಾಯ್ತು?”

ಹಾನಫಿನ್ ಸೈಕಲ್ ಹತ್ತಿದ.

ನಾಲ್ಕೂಕಾಲಿಗೆ ಹಾನಫಿನ್ ಟಾನ್ಸಿ ಮನೆಯ ಬಾಗಿಲಲ್ಲಿದ್ದ. ಮಲಾಕಿ ಒಲೆಯ ಪಕ್ಕ ಅದೇ ಜಾಗದಲ್ಲಿ ಕುಳಿತು ಚಾಕುವಿನಿಂದ ಹೊಗೆಸೊಪ್ಪು ಹೆರೆಯುತ್ತಿದ್ದ. ಡಿಲಿಯಾ ಆಲೂಗೆಡ್ಡೆ ಬೇಯಿಸುತ್ತಿದ್ದಳು.

“ಆ ಚಾಕು ಸ್ವಲ್ಪ ಕೊಡ್ತೀರಾ?”

ಮಲಾಕಿ ಕೊಟ್ಟ. ಮಡಚುವ ಕೀಲಿನಲ್ಲಿ ಕಪ್ಪು ಮಣ್ಣು ಒಣಗಿ ಕುಳಿತಿತ್ತು, ಅದರೊಳಗೆ ಹುಲ್ಲಿನ ಒಂದು ಎಳೆ. ಹಾನಫಿನ್ ಅದನ್ನು ನೋಡಿದ್ದನ್ನು ಮಲಾಕಿ ನೋಡಿದ.

“ಇವಳ ಮುಂದೆ ಬೇಡ,” ಎಂದು ಎದ್ದ. “ಹೊರಗೆ ಹೋಗೋಣ.”

ಇಬ್ಬರೂ ಗೋಡೆಯವರೆಗೆ ನಡೆದರು. ಲವೆಲ್ ಹತ್ತು ಹೆಜ್ಜೆ ಹಿಂದೆ ನಿಂತ. ಹಾನಫಿನ್ ಕಾನೂನಿನ ಎಚ್ಚರಿಕೆಯ ಮಾತನ್ನು ಹೇಳಿದ: ಉತ್ತರ ಕೊಡಲೇಬೇಕೆಂದಿಲ್ಲ, ಕೊಟ್ಟದ್ದನ್ನು ಬರೆದುಕೊಳ್ಳಲಾಗುವುದು.

“ಭಾನುವಾರ ಹೆಂಟೆ ಮಗುಚಿದ್ದು ನೀವಾ?”

“ನಾನೇ.”

“ಆಂಥನಿಯ ಗೋರಿ ನಿಮಗೆ ಹೇಗೆ ಗೊತ್ತು?”

“ಪೊಲೀಸರು ಅಗೆಯೋದನ್ನ ಗೋಡೆ ಮೇಲಿಂದ ನೋಡ್ತಾ ನಗ್ತಿದ್ದೆ. ಆಮೇಲೆ ವರ್ಷ ವರ್ಷ ಹೋಗ್ತೀನಿ. ನಮ್ಮವ್ವನಿಗೆ ಪ್ರಾರ್ಥನೆ ಹೇಳಿ, ಅವನಿಗೆ ಉಗಿದು ಬರ್ತೀನಿ.”

“ಶನಿವಾರ?”

ಮಲಾಕಿ ಗೋಡೆಯ ಮೇಲೆ ಕೈಯಿಟ್ಟ. “ಹುಂಜ ಕುಯ್ದು, ಹೊಸ್ತಿಲಿಗೆ ರಕ್ತ ಹಾಕಿ, ಕೈ ತೊಳೆಯೋಕೆ ಹೊರಗೆ ಬಂದೆ. ಅವನು ಕಂಡಿ ಬಿಚ್ತಾ ಇದ್ದ. ಒಂದೊಂದೇ ಕಲ್ಲು. ನನ್ನ ಹೆಸರು ಹಿಡಿದು ಕರೆದ. ಸ್ಕೂಲಲ್ಲಿ ಒಂದೇ ಬೆಂಚು ನಮ್ದು, ಆಗ ಕರೀತಿದ್ನಲ್ಲ, ಹಾಗೇ. ‘ಬಾ ಮಲಾಕಿ, ಟೀ ಮಾಡಿದ್ದೀನಿ, ನಿಮ್ಮವ್ವನ ಒಲೆ ಮುಂದೆ ಕೂತು ಕುಡಿ. ಮನೆ ಹೊಲ ಎಲ್ಲಾ ನಿನ್ನ ಹೆಸರಿಗೆ ಬರೆದಿದ್ದೀನಿ. ನನಗಿನ್ಯಾರಿದ್ದಾರೆ?’ ಅಂದ. ನಗ್ತಾ ಇದ್ದ.”

“ಆಮೇಲೆ?”

“ಕೈಯಲ್ಲಿ ಕಲ್ಲಿತ್ತು. ಅವನು ಬಿಚ್ಚಿದ ಕಲ್ಲು, ನನ್ನ ಕೈಗೆ ಕೊಟ್ಟಿದ್ದ, ಕೆಳಗಿಡು ಅಂತ.”

“ವಾಪಸ್ ಕೊಟ್ಟಿದ್ದಕ್ಕೆ ಹೊಡೆದ್ರಾ?”

ಮಲಾಕಿ ಗೋಡೆಯಾಚೆ ನೋಡಿದ. ಆಚೆಯ ಹೊಗೆಗೂಡಿನಲ್ಲಿ ಹೊಗೆಯಿರಲಿಲ್ಲ.

“ನಮ್ಮನ್ನ ಹೊರಗೆ ಹಾಕಿದ ಮೇಲೆ ಅವ್ವ ಈ ಗೋಡೆ ಬುಡದಲ್ಲಿ ಹನ್ನೊಂದು ದಿನ ಬದುಕಿದ್ಳು, ಮಂಜಿನಲ್ಲಿ. ಅವತ್ತು ನಮ್ಮ ಹತ್ರ ಉಳಿದಿದ್ದು ಅದೊಂದೇ ಸಾರ್ಜೆಂಟ್ರೇ, ಹಗೆ. ಅದನ್ನೇ ಉಂಡೆ, ಅದನ್ನೇ ಉಟ್ಟೆ, ಹೊದ್ದು ಮಲಗಿದೆ. ಸುಲಭ ಇರ್ಲಿಲ್ಲ. ಸಬೀನಾ ಹೋದಾಗ ಅವನು ಈ ಗೋಡೆ ಆಚೆ ಮಳೇಲಿ ಟೋಪಿ ತೆಗೆದು ನಿಂತಿದ್ದ. ಮಾತಾಡಿಸ್ಬೇಕು ಅನ್ನಿಸ್ತು. ನಾಲಿಗೆ ಕಚ್ಕೊಂಡು ರಕ್ತ ನುಂಗಿದೆ. ಅವನು ನನ್ನ ಹೊಲ ಉಳೋದನ್ನ ನೋಡ್ದೆ, ಮುದುಕ ಆಗೋದನ್ನ ನೋಡ್ದೆ. ಕೊನೆಗೆ ಒಂದಿನ ಬಂದು, ಟೀ ಕೊಟ್ಟ ಹಾಗೆ ಕೊಟ್ಬಿಟ್ಟ. ಅಷ್ಟು ಸುಲಭ ಇತ್ತಾ? ಹಾಗಾದ್ರೆ ನಾನು ನಲವತ್ತಾರು ವರ್ಷ ಏನು ಮಾಡ್ತಿದ್ದೆ?”

ಹಾನಫಿನ್ ಬರೆಯುವುದನ್ನು ನಿಲ್ಲಿಸಿದ್ದ. ಮತ್ತೆ ಪೆನ್ಸಿಲ್ ಹಿಡಿದ.

“ಹೆಂಟೆ ಯಾಕೆ?”

“ಡಿಲಿಯಾ. ಹಸು ಕೂಗು ಕೇಳಿ ಭಾನುವಾರ ಯಾರಾದ್ರೂ ಕಾಣ್ತಾರೆ, ನೀವು ಸೋಮವಾರ ಅಗೀತೀರಿ ಅಂದ್ಕೊಂಡೆ. ಪೊಲೀಸರಿಗೆ ಯಾವ ವಾರ ಆದ್ರೇನು. ಒಂದ್ಸಲ ಹಾಗೆ ಅಗೆದು ಸಬೀನಾ ಹೋದ್ಳು. ಅವಳ ಹೊಟ್ಟೇಲಿದ್ದ ಕೂಸೂ ಹೋಯ್ತು.”

“ಡೊಮಿನಿಕ್‌ನ ಹಿಡಿಯೋಕೆ ಹುಕುಂ ಬಂದಿದೆ, ಗೊತ್ತಾ?”

“ಹಿಡಿದಿದ್ರೆ ನಾನೇ ಬರ್ತಿದ್ದೆ. ಕೂಸು ಹುಟ್ಟೋವರೆಗೆ ತಡೀಲಿ ದೇವರು ಅಂತಿದ್ದೆ.” ಸ್ವಲ್ಪ ತಡೆದು ಕೇಳಿದ: “ಅಗೆದ್ರಾ?”

“ಸಲಿಕೆ ತಗೊಂಡು ಹೋಗಿದ್ದು ಇವತ್ತು. ಮಂಗಳವಾರ.”

ಮಲಾಕಿ ತಲೆ ಎತ್ತಿದ.

“ಹಾಗಾದ್ರೆ ಆ ಹೆಂಟೆ ಬೇಕೇ ಇರ್ಲಿಲ್ಲ,” ಎಂದ.

ಸಂಜೆ ನಾಲ್ಕು ಐವತ್ತೈದಕ್ಕೆ ಮಲಾಕಿ ಟಾನ್ಸಿಯ ದಸ್ತಗಿರಿಯಾಯಿತು. ಚಾಕುವನ್ನು ವಶಪಡಿಸಿಕೊಂಡರು. ಓಣಿಯಲ್ಲಿ ನಡೆಯುವಾಗ ಅವನು ಒಮ್ಮೆ ಮಾತ್ರ ನಿಂತ.

“ಆ ಹಸು?”

“ನಾನೇ ಕರೀತಿದ್ದೀನಿ.”

“ಶನಿವಾರ ರಾತ್ರಿ ಇಡೀ ಕೂಗ್ತು. ದಿಂಬಿನೊಳಗೆ ತಲೆ ಇಟ್ರೂ ಬಿಡ್ಲಿಲ್ಲ. ಹೋಗಿ ಕರೆದು ಬರೋಣ ಅಂತ ಎದ್ದೆ, ಎರಡು ಸಲ. ಆದ್ರೆ ಫೀರಿಕ್ ಅಂಗಳಕ್ಕೆ ಹೆಂಗೆ ಕಾಲಿಡೋದು?”

ರಾತ್ರಿಯೇ ವರದಿ ಹೋಯಿತು. ಬುಧವಾರ ಬೆಳಿಗ್ಗೆ ಸೂಪರಿಂಟೆಂಡೆಂಟರು ಫೋನಿನಲ್ಲಿ ಕಿರುಚಿದರು. “ಪ್ರೇರಣೆ ಅನ್ನೋ ಕಡೆ ಏನ್ರೀ ಬರೆದಿದ್ದೀರಿ? ‘ಮೃತನು ಆರೋಪಿಗೆ ಅವನ ಜಮೀನನ್ನು ಹಿಂದಿರುಗಿಸಿದ್ದು.’ ಕಿತ್ಕೊಂಡಿದ್ದಕ್ಕೆ ಕೊಲ್ತಾರೆ. ಕೊಟ್ಟಿದ್ದಕ್ಕೆ ಯಾರಾದ್ರೂ ಕೊಲ್ತಾರಾ? ತಿದ್ದಿ ಕಳಿಸಿ.”

“ಅವನು ಹೇಳಿದ್ದು ಅಷ್ಟೇ ಸಾರ್,” ಎಂದ ಹಾನಫಿನ್. ತಿದ್ದಲಿಲ್ಲ.

ಆ ಮಧ್ಯಾಹ್ನ ಲೂಕ್ ಫೀರಿಕ್‌ನ ಗೋರಿಯ ಮುಂದೆ ಫಾದರ್, ಇಬ್ಬರು ಪೊಲೀಸರು, ಅಂಚೆಯವ ಆಸ್ಟಿನ್ ನಿಂತಿದ್ದರು. ರಸ್ತೆಯಲ್ಲಿ ಹೋಗುವವರು ನೋಡಿದಾಗ ಆಸ್ಟಿನ್ ಅಂಚೆ ಚೀಲವನ್ನು ಎದೆಯ ಮುಂದಕ್ಕೆ ಎಳೆದುಕೊಂಡ, ಕೆಲಸದ ಮೇಲೆ ಬಂದವನಂತೆ. ಹಾನಫಿನ್ ಜಪಸರದ ಹತ್ತು ಹತ್ತು ಮಣಿಗಳ ಐದೂ ಸುತ್ತನ್ನು ಬಿಡದೆ ಹೇಳಿದ. ಉತ್ತರ ಹೇಳುವವರು ಕಡಿಮೆಯಿದ್ದುದರಿಂದ ಬೇಗ ಮುಗಿಯಿತು.

ಗುರುವಾರ ಬೆಳಿಗ್ಗೆ ಎಂಟಕ್ಕೆ ಅವನು ಹಸು ಕರೆದು ಕೊಟ್ಟಿಗೆಯಿಂದ ಹೊರಗೆ ಬಂದಾಗ, ಡಿಲಿಯಾ ಗೋಡೆಯ ಆಚೆ ಬಕೆಟ್ ಹಿಡಿದು ನಿಂತಿದ್ದಳು. ಅವನನ್ನು ಕಂಡಿರಲಿಲ್ಲ. ಕಾನೂನಿನ ಪ್ರಕಾರ ಹಸು ನಿಂತ ನೆಲ ಈಗ ಅವಳ ಮನೆಯದೇ. ಬಕೆಟ್ ಕೆಳಗಿಟ್ಟು, ಒಂದು ಕೈ ಹೊಟ್ಟೆಯ ಮೇಲಿಟ್ಟು, ಇನ್ನೊಂದರಿಂದ ಕಂಡಿಯ ಮೇಲಿನ ಕಲ್ಲನ್ನು ಎತ್ತಿದಳು. ಎತ್ತಿ ಹಿಡಿದುಕೊಂಡೇ ತಿರುಗಿ ನೋಡಿದಳು. ಇಳಿಜಾರಿನ ಮನೆಗಳ ಬಾಗಿಲಲ್ಲಿ ಅಲ್ಲೊಬ್ಬರು ಇಲ್ಲೊಬ್ಬರು ನಿಂತು ನೋಡುತ್ತಿದ್ದರು.

ಡಿಲಿಯಾ ಕಲ್ಲನ್ನು ಮತ್ತೆ ಅದರ ಜಾಗದಲ್ಲಿಟ್ಟಳು. ಪಾಚಿಯ ಮಗ್ಗುಲು ಹೊರಗೆ ಬರುವಂತೆ ತಿರುಗಿಸಿ, ಅಲುಗದ ಹಾಗೆ ಒತ್ತಿ, ಖಾಲಿ ಬಕೆಟ್ ಎತ್ತಿಕೊಂಡು ಮನೆಗೆ ಹೋದಳು.